ವೆಬ್‌ಸೈಟಿನ ಮೆಟಾ ಟ್ಯಾಗ್: ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ ಸಂಗತಿಗಳು



ಇತ್ತೀಚೆಗೆ ನಮ್ಮ ಸದಸ್ಯರ ಹೋಟೆಲುಗಳಿಗೆ ಒಂದೇ ತರಹದ ಫೋನುಗಳು ಬರುತ್ತಿವೆ. "ನಿಮ್ಮ ವೆಬ್‌ಸೈಟಿನಲ್ಲಿ ಮೆಟಾ ಟ್ಯಾಗ್ ಸರಿಯಾಗಿಲ್ಲ, ಅದಕ್ಕೇ ಗೂಗಲ್‌ನಲ್ಲಿ ನಿಮ್ಮ ಹೆಸರು ಬರುತ್ತಿಲ್ಲ. ನಾವು ಹಾಕಿಕೊಡುತ್ತೇವೆ, ವರ್ಷಕ್ಕೆ ಇಷ್ಟು ಕೊಡಿ" ಎಂದು ಹೇಳುತ್ತಾರೆ. ಕಳೆದ ಸಭೆ ಮುಗಿದು ಊಟಕ್ಕೆ ಕೂತಾಗ ಮೂರು ನಾಲ್ಕು ಮಂದಿ ನಮ್ಮನ್ನು ಇದನ್ನೇ ಕೇಳಿದರು. ಹಾಕಿಸಬೇಕೋ, ಬೇಡವೋ? ಹಾಕಿಸಿದರೆ ಗಿರಾಕಿ ಬರುತ್ತಾರೋ?

ನಾವು ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರು, ಕಂಪ್ಯೂಟರ್ ಕಲಿತವರಲ್ಲ. ಆದರೆ ಈ ವಿಷಯದಲ್ಲಿ ಹದಿನೆಂಟು ಸಾವಿರ ರೂಪಾಯಿ ಮತ್ತು ಒಂದು ಇಡೀ ಮದುವೆ ಸೀಸನ್ ಕಳೆದುಕೊಂಡಿದ್ದೇವೆ. ಆಮೇಲೆ ಕೂತು, ಕೇಳಿ, ಓದಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮಗೆ ಆದದ್ದು ಮತ್ತೊಬ್ಬರಿಗೆ ಆಗದಿರಲಿ ಎಂಬುದಷ್ಟೇ ಉದ್ದೇಶ.

ನಮಗೆ ಆದದ್ದು

ಠಾಣೆಯಲ್ಲಿ ನಮ್ಮ ಹೋಟೆಲ್ ಇದ್ದ ಹಳೆಯ ಕಟ್ಟಡ 2021ರಲ್ಲಿ ರೀಡೆವಲಪ್‌ಮೆಂಟಿಗೆ ಹೋಯಿತು. ಸುಮಾರು ಒಂದೂವರೆ ಕಿಲೋಮೀಟರ್ ಆಚೆ ಬೇರೆ ಜಾಗ ಹಿಡಿದೆವು. ಲಾಕ್‌ಡೌನಿನ ಪೆಟ್ಟಿನಿಂದ ಕೌಂಟರ್ ವ್ಯಾಪಾರ ಅರ್ಧಕ್ಕೆ ಇಳಿದಿತ್ತು. ಹಾಗಾಗಿ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆಗಳ ಕ್ಯಾಟರಿಂಗನ್ನೇ ಹೆಚ್ಚು ನಂಬಿಕೊಂಡೆವು. 2022ರ ಗಣೇಶ ಚೌತಿಯ ಹೊತ್ತಿಗೆ ಒಂದು ವೆಬ್‌ಸೈಟ್ ಮಾಡಿಸಿದೆವು. ಬಾಳೆಲೆ ಊಟದ ಫೋಟೊ, ಮೆನು, ಫೋನ್ ನಂಬರ್ ಎಲ್ಲ ಚೆಂದವಾಗಿಯೇ ಇತ್ತು.

ಎರಡು ತಿಂಗಳಾದರೂ ಒಂದು ಹೊಸ ಫೋನೂ ಬರಲಿಲ್ಲ. ಅಷ್ಟರಲ್ಲಿ ಒಂದು ಸಂಸ್ಥೆಯ ಹುಡುಗ ಬಂದು, ಮೆಟಾ ಕೀವರ್ಡ್ ಹಾಕಿದರೆ ಗೂಗಲ್‌ನ ಮೊದಲ ಪುಟದಲ್ಲಿ ಬರುತ್ತೀರಿ ಎಂದ. ಮುನ್ನೂರು ಶಬ್ದಗಳಿಗೆ ಹದಿನೆಂಟು ಸಾವಿರ. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ತುಳಸಿ ಪೂಜೆಯ ನಂತರ ಮದುವೆಗಳು ಶುರುವಾಗುತ್ತವಲ್ಲ, ಆ ಆಸೆಯಿಂದ ಕೊಟ್ಟೆವು. ಆ ಸೀಸನ್ನಿನಲ್ಲಿ ನಮಗೆ ಬಂದದ್ದು ಹಳೆಯ ಪರಿಚಯದ ಆರು ಆರ್ಡರ್ ಮಾತ್ರ. ಬಾಡಿಗೆಗೆ ಹಿಡಿದ ಗೋಡೌನಿನಲ್ಲಿ ದೊಡ್ಡ ಪಾತ್ರೆಗಳು ಕವುಚಿದ್ದಲ್ಲೇ ಇದ್ದವು. ಇಬ್ಬರು ಅಡುಗೆಯವರನ್ನು ಊರಿಗೆ ಕಳುಹಿಸಬೇಕಾಯಿತು.

2023ರ ಏಪ್ರಿಲ್‌ನಲ್ಲಿ ನಮ್ಮ ಬಹಳ ಹಳೆಯ ಗಿರಾಕಿಯೊಬ್ಬರ ಮಗಳು ಮಾರ್ಕೆಟ್ಟಿನಲ್ಲಿ ಸಿಕ್ಕಿದಳು. ಅವಳ ಮದುವೆಯ ಊಟ ನಮ್ಮದೇ ಆಗಿತ್ತು. "ಅಣ್ಣಾ, ನೀವು ಇಲ್ಲೇ ಇದ್ದೀರಾ? ಮಗನ ಮುಂಜಿಗೆ ನಿಮ್ಮನ್ನು ಗೂಗಲ್‌ನಲ್ಲಿ ಹುಡುಕಿದೆವು. ಮ್ಯಾಪ್‌ನಲ್ಲಿ 'ಶಾಶ್ವತವಾಗಿ ಮುಚ್ಚಲಾಗಿದೆ' ಅಂತ ಬಂತು. ಹೋಟೆಲ್ ಮುಚ್ಚಿ ಊರಿಗೆ ಹೋದಿರಿ ಅಂದುಕೊಂಡು ಬೇರೆಯವರಿಗೆ ಆರ್ಡರ್ ಕೊಟ್ಟೆವು" ಎಂದಳು. ಒಂದು ಆರ್ಡರ್ ಹೋದದ್ದಕ್ಕಿಂತ, ನಾವು ಇಲ್ಲವೆಂದು ಜನ ತಿಳಿದರಲ್ಲ ಎಂಬುದೇ ನಮಗೆ ಹೆಚ್ಚು ನೋವಾಯಿತು.

ನಮ್ಮ ಮುಖ್ಯ ಭಟ್ಟರ ಮಗಳು ಆಗ ಕಾಲೇಜಿನಲ್ಲಿ ಐಟಿ ಓದುತ್ತಿದ್ದಳು. ಅವಳನ್ನು ಕರೆದು ತೋರಿಸಿದೆವು. ಗಲ್ಲಾದ ಕಂಪ್ಯೂಟರಿನಲ್ಲಿ ಎರಡು ಗುಂಡಿ ಒತ್ತಿ ಐದೇ ನಿಮಿಷದಲ್ಲಿ ಅವಳು ಹೇಳಿದ್ದು ಇಷ್ಟು: "ಮಾಮ, ನಿಮ್ಮ ಸೈಟನ್ನು ತೋರಿಸಬೇಡ ಅಂತ ನೀವೇ ಗೂಗಲ್‌ಗೆ ಬರೆದು ಇಟ್ಟಿದ್ದೀರಿ."

ಮೆಟಾ ಎಂದರೆ ಏನು

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಸ್ಟೋರ್ ರೂಮನ್ನೇ ನೆನೆಸಿಕೊಳ್ಳಿ. ಸಾಲಾಗಿ ಡಬ್ಬಿಗಳಿರುತ್ತವೆ. ಒಳಗಿರುವುದು ಸಾಮಾನು. ಹೊರಗೆ ಅಂಟಿಸಿದ ಚೀಟಿಯಲ್ಲಿ "ತೊಗರಿಬೇಳೆ, ಇಂಥ ದಿನ ತಂದದ್ದು, ಇಷ್ಟು ಕಿಲೋ" ಎಂದು ಬರೆದಿರುತ್ತದೆ. ವೆಬ್‌ಸೈಟಿನ ಪುಟದಲ್ಲಿ ನಾವು ನೀವು ಓದುವುದು ಒಳಗಿನ ಸಾಮಾನು. ಅದೇ ಪುಟದ ಕೋಡಿನಲ್ಲಿ, ಓದುಗರ ಕಣ್ಣಿಗೆ ಬೀಳದ ಹಾಗೆ, ಆ ಪುಟದ ಬಗ್ಗೆ ಬರೆದ ಚೀಟಿಗಳೂ ಇರುತ್ತವೆ. ಇವಕ್ಕೆ ಮೆಟಾಡೇಟಾ ಎನ್ನುತ್ತಾರೆ. ಚೀಟಿ ಒಂದೇ ಅಲ್ಲ, ನಾಲ್ಕೈದು ತರಹ ಇವೆ. ಒಂದೊಂದರ ಕೆಲಸ ಒಂದೊಂದು. ಮಾರುವವರು ಎಲ್ಲವನ್ನೂ ಸೇರಿಸಿ "ಮೆಟಾ ಟ್ಯಾಗ್" ಎಂದುಬಿಡುತ್ತಾರೆ. ನಾವು ಮೋಸ ಹೋಗುವುದು ಅಲ್ಲೇ.

ಕೀವರ್ಡ್ ಚೀಟಿ: ಈಗ ಕೆಲಸಕ್ಕೆ ಬಾರದು

ಒಂದು ಕಾಲದಲ್ಲಿ ಇದರಿಂದ ಉಪಯೋಗವಿತ್ತು. ಆಲ್ಟಾವಿಸ್ಟಾ ಎಂಬ ಸರ್ಚ್ ಇಂಜಿನ್ 1995ರಲ್ಲಿ ಶುರುವಾಯಿತು. ಇನ್ಫೋಸೀಕ್ ಎಂಬುದೂ ಅದೇ ಕಾಲದ್ದು. ಇವು ಪುಟದ ಕೀವರ್ಡ್ ಚೀಟಿಯನ್ನು ಓದಿ ಆ ಪುಟ ಯಾವುದರ ಬಗ್ಗೆ ಎಂದು ತಿಳಿದುಕೊಳ್ಳುತ್ತಿದ್ದವು.

ಆದರೆ ಚೀಟಿ ಬರೆಯುವವರು ಡಬ್ಬಿಯ ಯಜಮಾನರೇ ಅಲ್ಲವೇ? ಮುಗ್ಗಲು ಅಕ್ಕಿ ತುಂಬಿ ಹೊರಗೆ ಬಾಸ್ಮತಿ ಎಂದು ಬರೆದರೆ ಕೇಳುವವರಿಲ್ಲ. ಪುಟದಲ್ಲಿ ಇಲ್ಲದ ವಿಷಯ, ಎದುರಾಳಿ ಅಂಗಡಿಯ ಹೆಸರು, ಜನ ಹೆಚ್ಚು ಹುಡುಕುವ ಶಬ್ದ, ಎಲ್ಲವನ್ನೂ ಆ ಚೀಟಿಯಲ್ಲಿ ತುಂಬತೊಡಗಿದರು. ಚೀಟಿ ನಂಬಿದವರಿಗೆ ಕಸ ಸಿಗತೊಡಗಿತು.

1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ ಕಂಪನಿ ಶುರು ಮಾಡಿದರು. ಅವರ ಯಂತ್ರ ಪುಟದ ಒಳಗಿನ ಬರಹ ಓದುವುದರ ಜೊತೆಗೆ, ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಇದಕ್ಕೆ ಕೊಂಡಿ ಕೊಟ್ಟಿವೆ ಎಂದೂ ನೋಡಿತು. ನಮ್ಮ ಕ್ಯಾಟರಿಂಗ್ ನಡೆಯುವುದೂ ಹೀಗೆಯೇ. "ನಮ್ಮ ಊಟ ಚೆನ್ನ" ಎಂದು ನಾವು ಹೇಳಿದರೆ ಬೆಲೆ ಕಡಿಮೆ, ಊಟ ಮಾಡಿ ಹೋದವರು ಹೇಳಿದರೆ ಹೆಚ್ಚು.

ಕೊನೆಗೆ 2009ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಬಹಿರಂಗವಾಗಿಯೇ ಹೇಳಿತು: ವೆಬ್ ಹುಡುಕಾಟದಲ್ಲಿ ಪುಟಗಳ ಸ್ಥಾನ ನಿರ್ಧರಿಸಲು ಕೀವರ್ಡ್ ಮೆಟಾ ಟ್ಯಾಗನ್ನು ನಾವು ಬಳಸುವುದಿಲ್ಲ ಎಂದು. ನಾವು ಹದಿನೆಂಟು ಸಾವಿರ ಕೊಟ್ಟದ್ದು ಅದಾದ ಹದಿಮೂರು ವರ್ಷದ ಮೇಲೆ.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇವೆ. ಆ ಮುನ್ನೂರು ಶಬ್ದಗಳನ್ನು ಭಟ್ಟರ ಮಗಳು ಗಟ್ಟಿಯಾಗಿ ಓದಿದಾಗ ನಮಗೆ ತಲೆ ತಗ್ಗಿಸುವಂತಾಯಿತು. ನಮ್ಮದು ಶುದ್ಧ ಸಸ್ಯಾಹಾರಿ. ಚೀಟಿಯಲ್ಲಿ "ಬೆಸ್ಟ್ ಚಿಕನ್ ಬಿರಿಯಾನಿ" ಎಂದಿತ್ತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಗೆ ನಮ್ಮಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇರಲಿಲ್ಲ, ಆದರೂ "ಜೈನ್ ಕ್ಯಾಟರಿಂಗ್" ಎಂದಿತ್ತು. ಅದಕ್ಕಿಂತ ಹೆಚ್ಚಾಗಿ ನಮ್ಮ ಸಂಘದ ಸದಸ್ಯರೇ ಆದ ಒಬ್ಬರ ಹೋಟೆಲಿನ ಹೆಸರೂ ಅದರಲ್ಲಿತ್ತು. ಅವರನ್ನು ಹುಡುಕುವವರು ನಮಗೆ ಸಿಗಲಿ ಎಂಬ ಲೆಕ್ಕ. ನಾವು ಓದದೆ ದುಡ್ಡು ಕೊಟ್ಟಿದ್ದೆವು. ಓದಬೇಕಾಗಿದ್ದದ್ದು ನಮ್ಮ ಕರ್ತವ್ಯ. ಮರುದಿನವೇ ಅದನ್ನು ತೆಗೆಸಿ, ಆ ಸದಸ್ಯರ ಗಲ್ಲಾಕ್ಕೆ ಹೋಗಿ ವಿಷಯ ಹೇಳಿ ಬಂದೆವು. ಅವರು ನಕ್ಕು ಕಾಫಿ ತರಿಸಿದರು. ಆದರೆ ನಗದಿದ್ದರೂ ನಾವು ಏನೂ ಹೇಳುವಂತಿರಲಿಲ್ಲ.

ಟೈಟಲ್ ಮತ್ತು ಡಿಸ್ಕ್ರಿಪ್ಷನ್: ಇವು ಬೇಕು

ಕೀವರ್ಡ್ ಚೀಟಿ ಬಿದ್ದುಹೋಯಿತೆಂದು ಎಲ್ಲ ಚೀಟಿಯನ್ನೂ ಕಿತ್ತು ಬಿಸಾಡಬಾರದು. ಪುಟದ ಟೈಟಲ್ ಎಂಬುದು ಬಹಳ ಮುಖ್ಯ. ಗೂಗಲ್ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರುವ ಸಾಲು ಸಾಮಾನ್ಯವಾಗಿ ಇದರಿಂದಲೇ ಬರುತ್ತದೆ. ಪುಟ ಯಾವುದರ ಬಗ್ಗೆ ಎಂದು ಯಂತ್ರ ತಿಳಿಯುವುದಕ್ಕೂ ಇದು ನೆರವಾಗುತ್ತದೆ. ನಮ್ಮ ಸೈಟಿನ ಟೈಟಲ್ ಏನಿತ್ತು ಗೊತ್ತೇ? "ಹೋಮ್" ಎಂದಷ್ಟೇ. ಇದು ಅಂಗಡಿಯ ಮುಂದೆ "ಬೋರ್ಡ್" ಎಂದು ಬರೆದು ಬೋರ್ಡ್ ತೂಗಿಸಿದ ಹಾಗೆ. ಈಗ ಹೋಟೆಲಿನ ಹೆಸರು, ಸಸ್ಯಾಹಾರಿ ದಕ್ಷಿಣ ಭಾರತೀಯ ಕ್ಯಾಟರಿಂಗ್, ಠಾಣೆ ಎಂದು ಇಂಗ್ಲಿಷಿನಲ್ಲಿ ಬರೆಸಿದ್ದೇವೆ. ಮೆನುವಿನ ಪುಟಕ್ಕೆ ಬೇರೆ ಟೈಟಲ್, ಕ್ಯಾಟರಿಂಗ್ ಪುಟಕ್ಕೆ ಬೇರೆ ಟೈಟಲ್.

ಮೆಟಾ ಡಿಸ್ಕ್ರಿಪ್ಷನ್ ಎಂದರೆ ಟೈಟಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರುವ ಎರಡು ಸಾಲು. ಇದರಿಂದ ಪಟ್ಟಿಯಲ್ಲಿ ಮೇಲೆ ಹೋಗುವುದಿಲ್ಲ. ಆದರೆ ಹತ್ತು ಹೆಸರು ಸಾಲಾಗಿ ಕಂಡಾಗ ಗಿರಾಕಿ ಯಾವುದನ್ನು ಒತ್ತಬೇಕೆಂದು ಈ ಎರಡು ಸಾಲು ನೋಡಿ ತೀರ್ಮಾನಿಸುತ್ತಾರೆ. "ಉತ್ತಮ ಗುಣಮಟ್ಟ, ಅತ್ಯುತ್ತಮ ಸೇವೆ" ಎಂದು ಎಲ್ಲರೂ ಬರೆಯುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಎಷ್ಟು ಜನರ ಊಟ ಮಾಡಿಕೊಡುತ್ತೀರಿ, ಎಲ್ಲಿಯವರೆಗೆ ಬರುತ್ತೀರಿ, ಬಡಿಸುವವರು ನಿಮ್ಮವರೋ ಅಲ್ಲವೋ, ಇವನ್ನು ಬರೆಯಿರಿ. ಒಂದು ಎಚ್ಚರಿಕೆ: ನಾವು ಬರೆದದ್ದನ್ನೇ ಗೂಗಲ್ ತೋರಿಸಬೇಕೆಂದಿಲ್ಲ. ಪುಟದ ಒಳಗಿನ ಬೇರೆ ಸಾಲು ಹುಡುಕಿದ ಮಾತಿಗೆ ಹೆಚ್ಚು ಹೊಂದುತ್ತದೆ ಎನಿಸಿದರೆ ಅದನ್ನೇ ಎತ್ತಿ ತೋರಿಸುತ್ತದೆ.

ಸ್ಕೀಮಾ: ಯಂತ್ರಕ್ಕೆ ಅರ್ಥವಾಗುವ ಫಾರ್ಮ್

ಈಗ ಮಾರುವವರು ಹೆಚ್ಚು ಹೇಳುವ ಶಬ್ದ "ಸ್ಕೀಮಾ". 2011ರ ಜೂನ್‌ನಲ್ಲಿ ಗೂಗಲ್, ಮೈಕ್ರೋಸಾಫ್ಟಿನ ಬಿಂಗ್ ಮತ್ತು ಯಾಹೂ ಸೇರಿ ಸ್ಕೀಮಾ ಡಾಟ್ ಆರ್ಗ್ ಎಂಬ ಒಂದೇ ಪದ್ಧತಿಯನ್ನು ತಂದವು. ಸ್ವಲ್ಪ ಸಮಯದ ನಂತರ ರಷ್ಯಾದ ಯಾಂಡೆಕ್ಸ್ ಕೂಡ ಸೇರಿತು. ಇದರಲ್ಲಿ ರೆಸ್ಟೋರೆಂಟಿಗೆಂದೇ ಖಾನೆಗಳಿವೆ. ಹೆಸರು, ವಿಳಾಸ, ಫೋನ್, ತೆರೆದಿರುವ ಸಮಯ, ಯಾವ ಶೈಲಿಯ ಅಡುಗೆ, ಮೆನು ಎಲ್ಲಿದೆ, ದರ ಯಾವ ಮಟ್ಟದ್ದು. ಪುಟದಲ್ಲಿ "7ರಿಂದ 11" ಎಂದು ಬರೆದರೆ ಅದು ಬೆಳಗಿನ ಹೊತ್ತೋ, ರಾತ್ರಿಯೋ, ಇಡ್ಲಿಯ ದರವೋ ಎಂದು ಮನುಷ್ಯನಿಗೆ ಗೊತ್ತಾಗುತ್ತದೆ, ಯಂತ್ರಕ್ಕೆ ಗೊಂದಲವಾಗಬಹುದು. ಖಾನೆಯಲ್ಲಿ ತುಂಬಿದರೆ ಗೊಂದಲವಿಲ್ಲ.

ಇದನ್ನು ಹಾಕಿಸುವುದು ಒಳ್ಳೆಯದು. ಆದರೆ ಇದರಿಂದ ಮೊದಲ ಸ್ಥಾನ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ತಿಳಿಸಿಕೊಡುವ ಫಾರ್ಮ್, ಶಿಫಾರಸು ಪತ್ರವಲ್ಲ. ಇಲ್ಲಿಯೂ ಮೊದಲಿನ ಆಟ ನಡೆಯಿತು. ಕೆಲವರು ತಮ್ಮ ಸೈಟಿನಲ್ಲಿ ತಮಗೆ ತಾವೇ ಐದು ನಕ್ಷತ್ರ ಬರೆದುಕೊಂಡರು. 2019ರ ಸೆಪ್ಟೆಂಬರ್‌ನಿಂದ, ವ್ಯಾಪಾರದವರು ತಮ್ಮದೇ ಸೈಟಿನಲ್ಲಿ ತಮ್ಮ ಬಗ್ಗೆ ಹಾಕಿಕೊಂಡ ನಕ್ಷತ್ರಗಳನ್ನು ಹುಡುಕಾಟದ ಪಟ್ಟಿಯಲ್ಲಿ ತೋರಿಸುವುದನ್ನು ಗೂಗಲ್ ನಿಲ್ಲಿಸಿತು. ಪುಟದಲ್ಲಿ ಕಾಣದ ವಿಷಯವನ್ನು ಖಾನೆಯಲ್ಲಿ ತುಂಬುವುದೂ ಗೂಗಲ್‌ನ ನಿಯಮಕ್ಕೆ ವಿರುದ್ಧ. ಪುಟಕ್ಕೆ ಒಂದು, ಖಾನೆಗೆ ಒಂದು ಎಂದು ಬರೆಯಬಾರದು.

ಈಗ ಹೊಸದಾಗಿ "ಎಐ ಉತ್ತರದಲ್ಲಿ ಬರಲು ವಿಶೇಷ ಸ್ಕೀಮಾ ಬೇಕು" ಎಂಬ ಮಾತೂ ಕೇಳಿಬರುತ್ತಿದೆ. ತನ್ನ ಎಐ ಉತ್ತರಗಳಲ್ಲಿ ಕಾಣಿಸಲು ಅಂಥ ವಿಶೇಷ ಕೋಡ್ ಯಾವುದೂ ಬೇಕಿಲ್ಲ ಎಂದು ಗೂಗಲ್ ತಾನೇ ತಿಳಿಸಿದೆ.

ನೋಇಂಡೆಕ್ಸ್: ಈ ಒಂದು ಸಾಲು ಅಂಗಡಿಯನ್ನೇ ಮರೆಮಾಡುತ್ತದೆ

ನಮ್ಮನ್ನು ಮುಳುಗಿಸಿದ ಚೀಟಿ ಇದು. ಮೆಟಾ ರೋಬೋಟ್ಸ್ ಎಂಬ ಟ್ಯಾಗಿನಲ್ಲಿ "ನೋಇಂಡೆಕ್ಸ್" ಎಂದು ಬರೆದರೆ, ಈ ಪುಟವನ್ನು ಪಟ್ಟಿಗೆ ಸೇರಿಸಬೇಡ ಎಂದು ಅರ್ಥ. ಗೂಗಲ್, ಬಿಂಗ್ ಎರಡೂ ಇದನ್ನು ಪಾಲಿಸುತ್ತವೆ. ಸೈಟ್ ಕಟ್ಟುತ್ತಿರುವಾಗ ಅರ್ಧಂಬರ್ಧ ಪುಟ ಜನರಿಗೆ ಕಾಣದಿರಲಿ ಎಂದು ಇದನ್ನು ಹಾಕುವುದು ರೂಢಿ, ತಪ್ಪಲ್ಲ. ಕೆಲಸ ಮುಗಿದ ಮೇಲೆ ತೆಗೆಯಬೇಕು. ವರ್ಡ್‌ಪ್ರೆಸ್‌ನಲ್ಲಿ ಮಾಡಿದ ಸೈಟಾದರೆ ಸೆಟ್ಟಿಂಗ್ಸ್‌ನ ಒಳಗೆ ರೀಡಿಂಗ್ ಎಂಬಲ್ಲಿ, ಸರ್ಚ್ ಇಂಜಿನ್‌ಗಳು ಬಾರದಂತೆ ಮಾಡುವ ಒಂದು ಚೌಕವಿರುತ್ತದೆ. ಅದರಲ್ಲಿ ಗುರುತು ಹಾಕಿದರೆ ಸೈಟಿಗೆಲ್ಲ ಈ ಚೀಟಿ ಬೀಳುತ್ತದೆ.

ನಮ್ಮ ಸೈಟ್ ಮಾಡಿದವರು ಆ ಗುರುತನ್ನು ತೆಗೆಯಲು ಮರೆತಿದ್ದರು. ಆಮೇಲೆ ಬಂದ ಕೀವರ್ಡ್ ಹುಡುಗ ಅದನ್ನು ನೋಡಲೂ ಇಲ್ಲ. ಏಳು ತಿಂಗಳು ನಾವು ಹೊರಗಿನಿಂದ ಶಟರ್ ಎಳೆದು ಒಳಗೆ ದೀಪ ಹಚ್ಚಿ ಕೂತಿದ್ದೆವು. ಅಂದರೆ ಪುಟದ ಒಳಗಿನ ಚೀಟಿ ನಿಮ್ಮನ್ನು ಮೇಲೆ ತರುವ ಶಕ್ತಿ ಬಹಳ ಕಡಿಮೆ, ಪೂರ್ತಿ ಕಾಣದಂತೆ ಮಾಡುವ ಶಕ್ತಿ ಮಾತ್ರ ನಿಜವಾಗಿಯೂ ಇದೆ.

ನೀವೇ ಪರೀಕ್ಷಿಸುವ ಕ್ರಮ

ಇದಕ್ಕೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅರ್ಧ ಗಂಟೆಯ ಕೆಲಸ.

1. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ "ಸೈಟ್" ಎಂದು ಬರೆದು, ಎರಡು ಚುಕ್ಕೆ (ಕೋಲನ್) ಹಾಕಿ, ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಬರೆಯಿರಿ. ನಿಮ್ಮ ಪುಟಗಳು ಬಂದರೆ ನೀವು ಪಟ್ಟಿಯಲ್ಲಿದ್ದೀರಿ. ಒಂದೂ ಬಾರದಿದ್ದರೆ ಅನುಮಾನ ಪಡಿ.

2. ಕಂಪ್ಯೂಟರಿನಲ್ಲಿ ನಿಮ್ಮ ಪುಟ ತೆರೆದು ಕಂಟ್ರೋಲ್ ಮತ್ತು ಯು ಒತ್ತಿ. ಕೋಡ್ ಕಾಣುತ್ತದೆ. ಹೆದರಬೇಡಿ, ಅದನ್ನೆಲ್ಲ ಓದಬೇಕಾಗಿಲ್ಲ. ಕಂಟ್ರೋಲ್ ಮತ್ತು ಎಫ್ ಒತ್ತಿ ನೋಇಂಡೆಕ್ಸ್ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಸಿಕ್ಕಿದರೆ ಸೈಟ್ ಮಾಡಿದವರಿಗೆ ಆ ದಿನವೇ ಫೋನ್ ಮಾಡಿ. ಹಾಗೆಯೇ ಟೈಟಲ್, ಡಿಸ್ಕ್ರಿಪ್ಷನ್, ಕೀವರ್ಡ್ಸ್ ಎಂದು ಹುಡುಕಿ, ನಿಮ್ಮ ಹೆಸರಿನಲ್ಲಿ ಏನು ಬರೆದಿದ್ದಾರೆಂದು ಒಮ್ಮೆ ಓದಿ.

3. ಗೂಗಲ್ ಸರ್ಚ್ ಕನ್ಸೋಲ್ ಎಂಬುದು ಉಚಿತ. ಅದರಲ್ಲಿ ನಿಮ್ಮ ಸೈಟ್ ಸೇರಿಸಿದರೆ, ಯಾವ ಪುಟ ಪಟ್ಟಿಯಲ್ಲಿದೆ, ಯಾವುದು ಯಾಕೆ ಇಲ್ಲ, ಜನ ಯಾವ ಮಾತು ಹುಡುಕಿ ನಿಮ್ಮ ಬಳಿ ಬಂದರು ಎಂಬುದೆಲ್ಲ ತಿಳಿಯುತ್ತದೆ. ತಪ್ಪು ಸರಿಪಡಿಸಿದ ಮೇಲೆ ಪುಟವನ್ನು ಮತ್ತೆ ನೋಡಿ ಎಂದು ಅಲ್ಲಿಂದಲೇ ಕೋರಬಹುದು. ಕೆಲವು ದಿನಗಳಿಂದ ಕೆಲವು ವಾರ ಹಿಡಿಯುತ್ತದೆ.

4. ಮೆನು ಕಾರ್ಡಿನ ಫೋಟೊ ಮಾತ್ರ ಹಾಕಿ ಬಿಡಬೇಡಿ. ತಿಂಡಿಯ ಹೆಸರುಗಳನ್ನು ಪುಟದಲ್ಲಿ ಅಕ್ಷರಗಳಲ್ಲಿಯೇ ಬರೆಸಿ. ಫೋಟೊ ಹಾಕಿದಲ್ಲಿ ಅದು ಏನೆಂದು ತಿಳಿಸುವ ಆಲ್ಟ್ ಎಂಬ ಸಾಲನ್ನೂ ತುಂಬಿಸಿ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಾಫ್ಟ್‌ವೇರ್ ಕೂಡ ಅದನ್ನೇ ಓದುತ್ತದೆ.

ಮ್ಯಾಪ್ ಮರೆಯಬೇಡಿ

ನಮ್ಮಂಥ ಒಂದು ಊರಿನ ವ್ಯಾಪಾರಕ್ಕೆ ವೆಬ್‌ಸೈಟಿನಷ್ಟೇ ಮುಖ್ಯವಾದದ್ದು ಗೂಗಲ್ ಮ್ಯಾಪ್‌ನ ದಾಖಲೆ. ಇದಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಎನ್ನುತ್ತಾರೆ. ಇದೂ ಉಚಿತ. ಹತ್ತಿರದ ಅಂಗಡಿಗಳನ್ನು ತೋರಿಸುವಾಗ ಮೂರು ಸಂಗತಿ ನೋಡುತ್ತೇವೆ ಎಂದು ಗೂಗಲ್ ಹೇಳುತ್ತದೆ: ಹುಡುಕಿದ ಮಾತಿಗೆ ಹೊಂದುತ್ತದೆಯೋ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ. ಇದರಲ್ಲಿ ಮೇಲಿನ ಸ್ಥಾನ ಕೊಡಲು ದುಡ್ಡು ತೆಗೆದುಕೊಳ್ಳುವುದಿಲ್ಲವೆಂದೂ ಹೇಳಿದೆ. ಆದುದರಿಂದ "ಗೂಗಲ್‌ನವರು ಮಾತಾಡುತ್ತಿದ್ದೇವೆ, ಮ್ಯಾಪ್‌ನಲ್ಲಿ ಮೇಲೆ ತರುತ್ತೇವೆ" ಎಂದು ಫೋನ್ ಬಂದರೆ ಇಟ್ಟುಬಿಡಿ. ಜಾಹೀರಾತು ಬೇರೆ ವಿಷಯ, ಅದರ ಮೇಲೆ "ಸ್ಪಾನ್ಸರ್ಡ್" ಎಂಬ ಗುರುತೇ ಇರುತ್ತದೆ.

ಜಾಗ ಬದಲಿಸಿದವರು ಮುಖ್ಯವಾಗಿ ಗಮನಿಸಬೇಕು. ಮುಂಬೈ ಠಾಣೆಯಲ್ಲಿ ರೀಡೆವಲಪ್‌ಮೆಂಟಿಗೆ ಹೋಗುತ್ತಿರುವ ಕಟ್ಟಡಗಳಲ್ಲಿ ನಮ್ಮವರ ಹೋಟೆಲುಗಳು ಎಷ್ಟೋ ಇವೆ. ಹಳೆಯ ವಿಳಾಸದ ದಾಖಲೆಯನ್ನು ಹಾಗೇ ಬಿಟ್ಟರೆ ಯಾರೋ ದಾರಿಹೋಕರು ಬಂದ್ ಎಂದು ಗುರುತಿಸಿಬಿಡುತ್ತಾರೆ. ಆ ದಾಖಲೆಯಲ್ಲಿಯೇ ವಿಳಾಸ ಬದಲಿಸಬೇಕು. ಹೋಟೆಲಿನ ಹೆಸರಿನ ಜೊತೆ "ಬೆಸ್ಟ್ ಕ್ಯಾಟರರ್ಸ್ ಠಾಣೆ" ಎಂದೆಲ್ಲ ಸೇರಿಸಬೇಡಿ, ಅದು ನಿಯಮಕ್ಕೆ ವಿರುದ್ಧ, ದಾಖಲೆಯೇ ಅಮಾನತಾಗಬಹುದು. ಬೋರ್ಡಿನಲ್ಲಿ ಇರುವ ಹೆಸರಷ್ಟೇ ಇರಲಿ.

ಆಮೇಲೆ ಏನಾಯಿತು

ನೋಇಂಡೆಕ್ಸ್ ತೆಗೆಸಿ, ಟೈಟಲ್ ಸರಿಪಡಿಸಿ, ಮ್ಯಾಪ್ ತಿದ್ದಿದ ಹತ್ತು ಹನ್ನೆರಡು ದಿನಕ್ಕೆ ನಮ್ಮ ಹೆಸರು ಹುಡುಕಿದವರಿಗೆ ನಮ್ಮ ಸೈಟ್ ಕಾಣತೊಡಗಿತು. ಸರ್ಚ್ ಕನ್ಸೋಲ್ ನೋಡಿದಾಗ ತಿಳಿದದ್ದೇನೆಂದರೆ, ಹೆಚ್ಚಿನವರು ನಮ್ಮ ಹೆಸರಿನ ಜೊತೆ ಹಳೆಯ ರಸ್ತೆಯ ಹೆಸರು ಸೇರಿಸಿ ಹುಡುಕುತ್ತಿದ್ದರು. ಅವರೆಲ್ಲ ನಮ್ಮ ಹಳೆಯ ಗಿರಾಕಿಗಳು. ಹಾಗಾಗಿ ಮೊದಲ ಪುಟದಲ್ಲಿಯೇ, ಕಾಣುವ ಅಕ್ಷರದಲ್ಲಿ, "ಮೊದಲು ಇಂಥ ರಸ್ತೆಯಲ್ಲಿ ಇದ್ದ ಹೋಟೆಲ್ ಈಗ ಇಲ್ಲಿದೆ" ಎಂದು ಬರೆಸಿದೆವು. ಮೆಟಾ ಟ್ಯಾಗಿನ ಮುನ್ನೂರು ಶಬ್ದ ಮಾಡದ ಕೆಲಸವನ್ನು ಈ ಒಂದು ಸಾಲು ಮಾಡಿತು.

"ಠಾಣೆ ಕ್ಯಾಟರಿಂಗ್" ಎಂದು ಹುಡುಕಿದರೆ ನಾವು ಇವತ್ತಿಗೂ ಮೊದಲಿಗರಲ್ಲ. ಅದರ ಬಗ್ಗೆ ಬೇಸರವಿಲ್ಲ. ಮುಂದಿನ ಸೀಸನ್ನಿನಲ್ಲಿ ಸೈಟ್ ನೋಡಿ ಹನ್ನೊಂದು ಮಂದಿ ವಿಚಾರಿಸಿದರು, ನಾಲ್ಕು ಆರ್ಡರ್ ಗಟ್ಟಿಯಾದವು. ಊರಿಗೆ ಹೋಗಿದ್ದ ಇಬ್ಬರಲ್ಲಿ ಒಬ್ಬರು ವಾಪಸ್ಸು ಬಂದಿದ್ದಾರೆ. ಇನ್ನೊಬ್ಬರು ಅಲ್ಲೇ ಕೆಲಸ ಹಿಡಿದರು, ಬರಲಿಲ್ಲ.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಈ ವಾರ ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಮೇಲೆ ಹೇಳಿದ ನಾಲ್ಕು ಪರೀಕ್ಷೆ ಮಾಡಿ, ಮ್ಯಾಪ್‌ನಲ್ಲಿ ನಿಮ್ಮ ವಿಳಾಸ ಸರಿಯಿದೆಯೇ ನೋಡಿ. ಮೆಟಾ ಟ್ಯಾಗ್ ಮಾರಲು ಬಂದವರನ್ನು ಒಂದೇ ಪ್ರಶ್ನೆ ಕೇಳಿ: "ಯಾವ ಟ್ಯಾಗ್, ಅದರಲ್ಲಿ ಏನು ಬರೆಯುತ್ತೀರಿ, ಓದಿ ಹೇಳಿ." ಓದಿ ಹೇಳಿದ್ದು ನಿಮ್ಮ ಅಡುಗೆಮನೆಯಲ್ಲಿ ಇದ್ದರೆ ಮುಂದಿನ ಮಾತು. ಇಲ್ಲವಾದರೆ ಒಂದು ಕಾಫಿ ಕೊಟ್ಟು ಕಳುಹಿಸಿಕೊಡಿ.